ಜೀರುಂಡೆಯ ಹಸಿರು ಎಲ್ಲಿದೆ?

ಪ್ರೀತಿಯ ಗೆಳೆಯ,

ಪುಸ್ತಕದ ನಡುವೆ ಒತ್ತಿಟ್ಟ ಹೂವಿನ ದಳ ಕೆಲವೇ ವಾರಗಳಲ್ಲಿ ಕಂದಿಹೋಗುವಾಗ, ಸತ್ತು ವರ್ಷಗಳಾದ ಜೀರುಂಡೆಯ ಹಸಿರು ಮಾತ್ರ ಹೇಗೆ ಮಾಸದೆ ಉಳಿಯುತ್ತದೆ ಎಂದು ಹೋದ ಪತ್ರದಲ್ಲಿ ನೀನು ಕೇಳಿದ್ದೆ. ನನ್ನ ಬಳಿಯಿರುವ ಒಣಗಿದ ಜೀರುಂಡೆಯೊಂದನ್ನು ಮತ್ತೆ ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಕುಳಿತದ್ದರಿಂದಲೇ ಉತ್ತರ ಬರೆಯುವುದು ಇಷ್ಟು ತಡವಾಯಿತು.

ಆ ರೆಕ್ಕೆಯಲ್ಲಿ ಹಸಿರು ಎಂಬ ವಸ್ತುವೇ ಇಲ್ಲ. ಎಲೆಯಲ್ಲಿ ಹಸಿರು ವರ್ಣದ್ರವ್ಯವಿದೆ, ಅದು ಕೆಟ್ಟರೆ ಬಣ್ಣವೂ ಹೋಗುತ್ತದೆ. ಜೀರುಂಡೆಯ ಗಟ್ಟಿ ಮೇಲ್ರೆಕ್ಕೆಯನ್ನು ಒಳಗಿನ ಜೋಡಣೆಯೇ ಕೆಡುವಷ್ಟು ನುಣ್ಣಗೆ ಅರೆದರೆ ಉಳಿಯುವುದು ಮಂಕಾದ ಪುಡಿ. ಹಸಿರನ್ನು ಹುಟ್ಟಿಸುತ್ತಿದ್ದದ್ದು ಆ ಜೋಡಣೆ, ವಸ್ತುವಲ್ಲ.

ಕೈಟಿನ್ ಎಂಬ ವಸ್ತುವಿನ ಅತಿ ಸಣ್ಣ ಎಳೆಗಳು ಒಂದು ಹಾಳೆಯಲ್ಲಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅದರ ಕೆಳಗಿನ ಹಾಳೆಯ ಎಳೆಗಳು ತುಸು ತಿರುಗಿರುತ್ತವೆ, ಅದರ ಕೆಳಗಿನವು ಇನ್ನೂ ತುಸು. ಹೀಗೆ ಇಳಿಯುತ್ತ ಹೋದಂತೆ ಸುರುಳಿ ಮೆಟ್ಟಿಲಿನಂತಹ ರಚನೆಯೊಂದು ಏರ್ಪಡುತ್ತದೆ. ಬೆಳಕು ಒಳಹೊಕ್ಕಾಗ ಪ್ರತಿ ಸುತ್ತಿನಲ್ಲಿಯೂ ಅದರ ಒಂದಿಷ್ಟು ಪಾಲು ಹಿಂದಿರುಗುತ್ತದೆ. ಯಾವ ತರಂಗಾಂತರದ ಅಲೆಗಳು ಉಬ್ಬಿಗೆ ಉಬ್ಬು, ತಗ್ಗಿಗೆ ತಗ್ಗು ಕೂಡಿಕೊಂಡು ಹೊರಬರುತ್ತವೆಯೋ ಆ ಬಣ್ಣ ನಮ್ಮ ಕಣ್ಣಿಗೆ ಕಾಣುತ್ತದೆ. ಕೈಟಿನ್‌ನ ವಕ್ರೀಭವನಾಂಕ, ಅಂದರೆ ಅದು ಬೆಳಕನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬ ಅಳತೆ, ಸುಮಾರು 1.56, ಆದ್ದರಿಂದ 530 ನ್ಯಾನೊಮೀಟರ್ ತರಂಗಾಂತರದ ಹಸಿರು ಬರಬೇಕಾದರೆ ಸುರುಳಿಯ ಒಂದು ಪೂರ್ಣ ಸುತ್ತು ಸುಮಾರು 340 ನ್ಯಾನೊಮೀಟರ್ ಇರಬೇಕು. ಜೀರುಂಡೆಯನ್ನು ಓರೆಯಾಗಿ ಹಿಡಿದರೆ ಹಸಿರು ನೀಲಿಯತ್ತ ಸರಿಯುವುದೂ ಈ ಕಾರಣಕ್ಕೇ, ಬೆಳಕಿನ ದಾರಿಯ ಲೆಕ್ಕ ಆಗ ಬದಲಾಗುತ್ತದೆ.

ಆದರೆ ನನ್ನನ್ನು ರಾತ್ರಿಯೆಲ್ಲ ಹಿಡಿದಿಟ್ಟದ್ದು ಬಣ್ಣಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ಮೂರು ಆಯಾಮದ ಚಲನಚಿತ್ರಕ್ಕೆ ಕೊಡುವ ಕನ್ನಡಕ ಒಂದು ಮನೆಯಲ್ಲಿತ್ತು. ಅದನ್ನು ಹಾಕಿಕೊಂಡು ಒಂದು ಕಣ್ಣು ಮುಚ್ಚಿ ನೋಡಿದೆ, ಜೀರುಂಡೆ ಹಸಿರಾಗಿ ಹೊಳೆಯುತ್ತಿತ್ತು. ಆ ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿದೆ. ಹಸಿರು ಆರಿಹೋಗಿ, ಬೆನ್ನು ಕಪ್ಪು ಕಲ್ಲಿನಂತಾಯಿತು. ಅಂಚಿನಲ್ಲಿ ದೀಪದ ಬಿಳಿ ಮಿನುಗೊಂದು ಮಾತ್ರ ಉಳಿದಿತ್ತು. ಪಕ್ಕದಲ್ಲಿದ್ದ ಹಸಿರು ಎಲೆ ಎರಡು ಗಾಜುಗಳಲ್ಲಿಯೂ ಒಂದೇ ತೆರನಾಗಿ ಕಂಡಿತು.

ಸುರುಳಿಗೆ ಎಡ ಬಲಗಳಿವೆ, ಗೆಳೆಯ. ಜೀರುಂಡೆಯ ಸುರುಳಿ ಒಂದೇ ಕಡೆಗೆ ತಿರುಗಿರುವುದರಿಂದ ಅದು ಎಡಕ್ಕೆ ಸುತ್ತುವ ಬೆಳಕನ್ನು ಹಿಂದಿರುಗಿಸಿ, ಬಲಕ್ಕೆ ಸುತ್ತುವುದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೆಳಕಿನ ಅಲೆ ಹೀಗೆ ಒಂದು ಕಡೆಗೆ ಸುತ್ತುತ್ತ ಸಾಗುವುದನ್ನು ವರ್ತುಲ ಧ್ರುವೀಕರಣ ಎನ್ನುತ್ತಾರೆ. ಆ ಕನ್ನಡಕದ ಒಂದು ಗಾಜು ಎಡಸುತ್ತಿನ ಬೆಳಕನ್ನೂ ಇನ್ನೊಂದು ಬಲಸುತ್ತಿನದನ್ನೂ ಮಾತ್ರ ಒಳಬಿಡುತ್ತದೆ. ಬೆಳಕಿನ ವೇಗವನ್ನು ಅಳೆದು ಹೆಸರಾದ ಆಲ್ಬರ್ಟ್ ಮೈಕೆಲ್‌ಸನ್ ಒಂದು ಚಿನ್ನದ ಬಣ್ಣದ ಜೀರುಂಡೆಯಲ್ಲಿ ಇದನ್ನು ಗುರುತಿಸಿ 1911ರಲ್ಲಿ ಬರೆದ. ಅವನ ಕೈಯಲ್ಲಿದ್ದ ಜೀರುಂಡೆಯನ್ನು ಈಗ ಕ್ರೈಸಿನಾ ರೆಸ್ಪ್ಲೆಂಡೆನ್ಸ್ ಎಂದು ಕರೆಯುತ್ತಾರೆ. ಅದರ ರೆಕ್ಕೆಯಲ್ಲಿ ಎರಡು ಸುರುಳಿ ಪದರಗಳ ನಡುವೆ ತಿರುಗದ ಪದರವೊಂದಿದೆ. ಮೇಲಿನ ಪದರ ಬಿಟ್ಟುಕೊಟ್ಟ ಬಲಸುತ್ತಿನ ಬೆಳಕನ್ನು ಅದು ಎಡಕ್ಕೆ ತಿರುಗಿಸಿ ಕೆಳಗಿನ ಸುರುಳಿಗೆ ಒಪ್ಪಿಸುತ್ತದೆ, ಹಿಂದಿರುಗುವಾಗ ಮತ್ತೆ ಬಲಕ್ಕೆ ತಿರುಗಿಸುತ್ತದೆ. ಹೀಗೆ ಎರಡೂ ಬಗೆಯ ಬೆಳಕು ಹಿಂದಿರುಗುವುದರಿಂದ ಅದರ ಚಿನ್ನದ ಹೊಳಪು ಇನ್ನಷ್ಟು ಪ್ರಖರವಾಗುತ್ತದೆ. ಇದಕ್ಕಿಂತ ಅಚ್ಚುಕಟ್ಟಾದ ಕೆಲಸವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಎಲ್ಲ ಜೀರುಂಡೆಗಳದ್ದೂ ಸುರುಳಿಯೇ ಎಂದು ತಿಳಿಯಬೇಡ. ಬ್ರೆಜಿಲ್‌ನ ಮೂತಿಹುಳುವೊಂದರ ಹುರುಪೆಗಳಲ್ಲಿ ಕೈಟಿನ್ ವಜ್ರದ ಪರಮಾಣುಗಳ ಜೋಡಣೆಯನ್ನೇ ಹೋಲುವ ಫೋಟೋನಿಕ್ ಸ್ಫಟಿಕವಾಗಿ, ಅಂದರೆ ಕೆಲವು ಬಣ್ಣಗಳನ್ನಷ್ಟೇ ಹಿಂದಿರುಗಿಸುವ ಕ್ರಮಬದ್ಧ ಜಾಲವಾಗಿ, ನಿಂತಿರುವುದನ್ನು 2008ರಲ್ಲಿ ಕಂಡುಕೊಂಡರು. ಆಗ್ನೇಯ ಏಷ್ಯಾದ ಸೈಫೋಕೈಲಸ್ ಎಂಬ ಬಿಳಿ ಜೀರುಂಡೆ ಇದಕ್ಕೆ ತದ್ವಿರುದ್ಧ: ಅದರ ಹುರುಪೆಯೊಳಗೆ ಎಳೆಗಳು ಯಾವ ಕ್ರಮವೂ ಇಲ್ಲದೆ ಹೆಣೆದುಕೊಂಡು ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸುತ್ತವೆ, ಕೆಲವೇ ಮೈಕ್ರೋಮೀಟರ್ ದಪ್ಪದಲ್ಲಿ ಕಾಗದವನ್ನೂ ಮೀರಿಸುವ ಬಿಳುಪು ಮೂಡುತ್ತದೆ. ಪನಾಮಾದ ಆಮೆ ಜೀರುಂಡೆಯೊಂದು ಪದರಗಳ ಸಂದುಗಳಲ್ಲಿ ದ್ರವ ತುಂಬಿಕೊಂಡು ಚಿನ್ನದ ಕನ್ನಡಿಯಂತಿರುತ್ತದೆ. ಯಾರಾದರೂ ಕೆಣಕಿದರೆ ದ್ರವವನ್ನು ಹಿಂದೆಗೆದುಕೊಳ್ಳುತ್ತದೆ, ಕನ್ನಡಿ ಕೆಟ್ಟು ಒಳಗಿನ ಕೆಂಪು ವರ್ಣದ್ರವ್ಯ ಹೊರಗೆ ಕಾಣುತ್ತದೆ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. ಜೋಡಣೆ ಉಳಿದರೆ ಬಣ್ಣವೂ ಉಳಿಯುತ್ತದೆ. ಜರ್ಮನಿಯ ಮೆಸ್ಸೆಲ್‌ನಲ್ಲಿ ಅಗೆದು ತೆಗೆದ ಜೀರುಂಡೆಗಳು ಸುಮಾರು 4.7 ಕೋಟಿ ವರ್ಷ ಹಳೆಯವು, ಆದರೂ ಅವುಗಳಲ್ಲಿ ಲೋಹದ ಹೊಳಪು ಕಾಣುತ್ತದೆ. ಅಷ್ಟು ಕಾಲ ಹೂತಿದ್ದಾಗ ವಸ್ತುವಿನ ವಕ್ರೀಭವನಾಂಕ ಬದಲಾಗಿ ಬಣ್ಣ ಕೆಂಪಿನ ಕಡೆಗೆ ತುಸು ಸರಿದಿದೆ, ಅಷ್ಟೇ.

ಆ ಕನ್ನಡಕವನ್ನು ನಿನಗಾಗಿ ತೆಗೆದಿಟ್ಟಿದ್ದೇನೆ. ಬಂದಾಗ ಜೀರುಂಡೆಯನ್ನು ಕಿಟಕಿಯ ಬೆಳಕಿನಲ್ಲಿಟ್ಟು ಮೊದಲು ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದರಿಂದ ನೋಡು.

ಇಂತಿ ನಿನ್ನ ಗೆಳೆಯ