ಕೊಳ್ಳದ ಟ್ರ್ಯಾಕ್ಟರಿನ ಸಾಲ ನನ್ನ ಹೆಸರಿಗೆ

ಮಾನ್ಯ ಸಂಪಾದಕರೇ,

ಮಗಳ ಶಿಕ್ಷಣ ಸಾಲಕ್ಕೆ ಸಹ ಸಾಲಗಾರನಾಗಿ ಸಹಿ ಹಾಕಲು ಕಳೆದ ವರ್ಷ ಮಡಿಕೇರಿಯ ಬ್ಯಾಂಕೊಂದಕ್ಕೆ ಹೋಗಿದ್ದೆ. ಪಹಣಿ, ಪ್ಯಾನ್ ಕಾರ್ಡ್, ಕಾಲೇಜಿನ ಶುಲ್ಕದ ಪಟ್ಟಿ ಎಲ್ಲವನ್ನೂ ನೋಡಿ ಒಪ್ಪಿಕೊಂಡ ಅಧಿಕಾರಿ ಕೊನೆಗೆ ಕಂಪ್ಯೂಟರ್ ನೋಡಿ, "ನಿಮ್ಮ ಸಿಬಿಲ್ ಸರಿಯಿಲ್ಲ, ಟ್ರ್ಯಾಕ್ಟರ್ ಸಾಲ ಬಾಕಿ ಇದೆ" ಎಂದರು. ಜನ ಸಿಬಿಲ್ ಎನ್ನುವುದು, ನಮ್ಮ ಹೆಸರಿನ ಸಾಲಗಳನ್ನೂ ಕಂತು ಕಟ್ಟಿದ ಬಗೆಯನ್ನೂ ಬ್ಯಾಂಕುಗಳಿಗೆ ತಿಳಿಸುವ ವರದಿಯನ್ನು ಮತ್ತು ಅದರಿಂದ ಬರುವ ಅಂಕವಾದ ಸ್ಕೋರನ್ನು. ನಮ್ಮದು ಇಳಿಜಾರಿನ ಕಾಫಿ ತೋಟ. ಟ್ರ್ಯಾಕ್ಟರ್ ಹೋಗಲಿ, ಜೀಪು ಇಳಿಸಲೂ ಎರಡು ಬಾರಿ ಯೋಚಿಸಬೇಕಾದ ಜಾಗ. ಅಂಥ ಸಾಲವನ್ನು ನಾನು ಎಂದೂ ಪಡೆದವನಲ್ಲ.

ಸಾಲಕ್ಕೆ ಅರ್ಜಿ ಹಾಕಿದವನು ಬ್ಯಾಂಕ್ ತರಿಸಿಕೊಂಡ ವರದಿಯ ಪ್ರತಿಯನ್ನು ಕೇಳಿ ಪಡೆಯಬಹುದೆಂದು 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಅದು ನನಗೆ ಗೊತ್ತಾದದ್ದು ಬಂಧುವೊಬ್ಬರು ಹೇಳಿದ ಮೇಲೆ. ಪ್ರತಿ ಕೈಗೆ ಬಂದಾಗ ಮೊದಲು ಕಂಡದ್ದು ತಿಂಗಳುವಾರು ಚೌಕಗಳು. ಒಂದೊಂದು ಚೌಕದಲ್ಲೂ ಆ ತಿಂಗಳು ಕಂತು ಎಷ್ಟು ದಿನ ತಡವಾಗಿದೆ ಎಂಬ ಅಂಕೆ ಇರುತ್ತದೆ. ನನ್ನ ಬೆಳೆ ಸಾಲದ ಸಾಲಿನಲ್ಲಿ ಬರೀ ಸೊನ್ನೆಗಳನ್ನು ಕಂಡು ಗಾಬರಿಯಾದೆ. ಶಾಲೆಯ ಅಂಕಪಟ್ಟಿಗೆ ಹೊಂದಿಕೊಂಡ ಕಣ್ಣಿಗೆ ಸೊನ್ನೆ ಎಂದರೆ ಫೇಲು, ಇಲ್ಲಿ ಮಾತ್ರ ಅದೇ ಪೂರ್ಣಾಂಕ. ಕೆಳಗಿನ ಟ್ರ್ಯಾಕ್ಟರ್ ಸಾಲದ ಚೌಕಗಳಲ್ಲಿ 30, 60, 90 ಎಂದು ಅಂಕೆ ಏರುತ್ತಾ ಹೋಗಿತ್ತು.

ಆ ಸಾಲ ನನ್ನದೇ ಹೆಸರಿನ, ಅದೇ ಇನಿಷಿಯಲ್ಲಿನ, ಬೇರೆ ಊರಿನ ಒಬ್ಬರದು. ಒಂದೇ ಒಕ್ಕದಲ್ಲಿ (ಮನೆತನದಲ್ಲಿ) ತಾತನ ಹೆಸರನ್ನು ಹಲವು ಮೊಮ್ಮಕ್ಕಳಿಗೆ ಇಡುವುದು ನಮ್ಮಲ್ಲಿ ಹೊಸತಲ್ಲ. ಹೆಸರಿಗೂ ಮೊದಲು ಬರುವ ಮನೆಹೆಸರನ್ನು ಒಂದು ಕಚೇರಿಯವರು ಒಂದೇ ಅಕ್ಷರಕ್ಕೆ ಇಳಿಸಿದರೆ, ಇನ್ನೊಂದು ಕಚೇರಿಯವರು ಅರ್ಜಿಯಲ್ಲಿ 'ಕೊನೆಯ ಹೆಸರು' ಎಂಬ ಖಾನೆ ಇದೆಯೆಂದು ಅದನ್ನು ಹಿಂದಕ್ಕೆ ತಳ್ಳುತ್ತಾರೆ. ಇದರ ಜೊತೆಗೆ, ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದ ಜನ್ಮದಿನಾಂಕ ನಮ್ಮಿಬ್ಬರಿಗೂ ಒಂದೇ ಆಗಿತ್ತು. ಅವರ ಸಾಲದ ದಾಖಲೆಯಲ್ಲಿ ಪ್ಯಾನ್ ಸಂಖ್ಯೆ ಇರಲೇ ಇಲ್ಲ.

ತಿದ್ದಿಸುವ ಕೆಲಸದಲ್ಲಿ ಕಲಿತದ್ದನ್ನು ಓದುಗರಿಗಾಗಿ ಬರೆಯುತ್ತಿದ್ದೇನೆ. ದೇಶದಲ್ಲಿ ಇಂಥ ವರದಿ ಸಿದ್ಧಪಡಿಸುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಒಂದರಲ್ಲಿ ಸರಿಯಿರುವುದು ಇನ್ನೊಂದರಲ್ಲಿ ತಪ್ಪಿರಬಹುದು. ಇವು ತಾವಾಗಿಯೇ ಒಂದು ಅಂಕೆಯನ್ನೂ ಬದಲಿಸುವಂತಿಲ್ಲ. ಸಾಲ ಕೊಟ್ಟ ಬ್ಯಾಂಕು ಒಪ್ಪಿದರೆ ಮಾತ್ರ ತಿದ್ದುಪಡಿ ಆಗುತ್ತದೆ. ಆದ್ದರಿಂದ 'ಹಣ ಕೊಡಿ, ಸ್ಕೋರ್ ಸರಿಮಾಡಿಸಿಕೊಡುತ್ತೇವೆ' ಎನ್ನುವ ಮಧ್ಯವರ್ತಿಗಳ ಕೈಯಲ್ಲಿ, ನಮ್ಮ ಕೈಯಲ್ಲಿ ಇಲ್ಲದ ಯಾವ ಮಂತ್ರದಂಡವೂ ಇಲ್ಲ.

ನಾನು ಕಂಪನಿಗೆ ಆನ್‌ಲೈನಿನಲ್ಲಿ ದೂರು ಕೊಟ್ಟು, ಟ್ರ್ಯಾಕ್ಟರ್ ಸಾಲ ಕೊಟ್ಟ ಶಾಖೆಗೂ ಪತ್ರ ಒಯ್ದೆ. "ಇದು ನಮ್ಮ ಕೈಯಲ್ಲಿಲ್ಲ, ಹೆಡ್ ಆಫೀಸಿಗೆ ಬರೆಯಿರಿ" ಎಂದು ಪತ್ರವನ್ನು ಹಿಂದಿರುಗಿಸಲು ನೋಡಿದರು. ನಕಲಿನ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಲಿಲ್ಲ. ಆ ದಿನಾಂಕವೇ ಮುಂದೆ ಕೆಲಸಕ್ಕೆ ಬಂತು. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿ 2024ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮದಂತೆ, ಇಂಥ ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಆನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಈ 30ರಲ್ಲಿ ಬ್ಯಾಂಕಿಗೆ ಸಿಗುವುದು 21 ದಿನ. ನನ್ನ ದೂರು ಮುಗಿಯಲು 47 ದಿನ ಹಿಡಿಯಿತು, ಖಾತೆಗೆ 1,700 ರೂಪಾಯಿ ಬಂತು. ಅಷ್ಟರಲ್ಲಿ ಕಾಲೇಜಿನ ಶುಲ್ಕದ ಗಡುವು ಮೀರುತ್ತಿತ್ತೆಂದು, ಇನ್ನೂ ಬಳ್ಳಿಯಲ್ಲೇ ಇದ್ದ ಕರಿಮೆಣಸನ್ನು ವ್ಯಾಪಾರಿಗೆ ಅವರು ಹೇಳಿದ ಬೆಲೆಗೇ ಒಪ್ಪಿ ಮುಂಗಡ ಪಡೆದಿದ್ದೆ. ಆ ನಷ್ಟದ ಮುಂದೆ ಪರಿಹಾರದ ಮೊತ್ತ ಏನೂ ಅಲ್ಲ.

ಬ್ಯಾಂಕು ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪರಿಹಾರ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಕೊಡಲು ಶುಲ್ಕವಿಲ್ಲ. 14448ಕ್ಕೆ ಕರೆ ಮಾಡಿದರೆ ವಿಧಾನ ತಿಳಿಸುತ್ತಾರೆ. ಸಾಲ ಮಾಹಿತಿ ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಅದರ ವ್ಯಾಪ್ತಿಗೆ ಬಂದಿವೆ.

ಆದರೆ ಇಷ್ಟು ಅಲೆದಾಟಕ್ಕೆ ಎಡೆಕೊಡದಿರುವುದೇ ಮೇಲು. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು, ಮತ್ತು ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಬೇಸಿಗೆಯಲ್ಲೇ ನೋಡಿಬಿಡುವುದು ಒಳ್ಳೆಯದು. ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಗೆ ಕರೆಂಟೂ ಟವರೂ ಕೈಕೊಟ್ಟಾಗ ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಸಾಲ ತೀರಿಸಿ ಬೇಬಾಕಿ ಪತ್ರ ಪಡೆದವರು ಒಂದೆರಡು ತಿಂಗಳು ಬಿಟ್ಟು ವರದಿಯಲ್ಲೂ ಖಾತೆ ಮುಚ್ಚಿದೆಯೇ ಎಂದು ನೋಡಬೇಕು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕಿರುವುದರಿಂದ ಅಷ್ಟು ಸಮಯ ಧಾರಾಳವಾಯಿತು. ಬೆಲೆ ಬಿದ್ದ ವರ್ಷ ಬ್ಯಾಂಕಿನೊಡನೆ ರಾಜಿಯಾಗಿ ಕಡಿಮೆ ಮೊತ್ತಕ್ಕೆ ಸಾಲ ಮುಗಿಸಿದವರ ಖಾತೆ ಮಾತ್ರ 'ಮುಚ್ಚಿದೆ' ಎಂದಲ್ಲ, 'ಸೆಟಲ್ಡ್' ಎಂದು ದಾಖಲಾಗುತ್ತದೆ. ಅದು ತಪ್ಪಲ್ಲದ ಕಾರಣ ದೂರಿನಿಂದ ಅಳಿಸಲಾಗದು. ರಾಜಿಗೆ ಮುಂಚೆಯೇ ಇದನ್ನು ಬ್ಯಾಂಕು ಬಾಯಿಬಿಟ್ಟು ಹೇಳಬೇಕು. ನೆರೆಯವರಿಗೆಂದು ದಾಕ್ಷಿಣ್ಯಕ್ಕೆ ಹಾಕಿದ ಜಾಮೀನೂ ನಮ್ಮ ವರದಿಗೇ ಸೇರುತ್ತದೆ.

ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಗ್ರಾಮಗಳಲ್ಲಿ ನಡೆಸುವ ಆರ್ಥಿಕ ಸಾಕ್ಷರತಾ ಶಿಬಿರಗಳಲ್ಲಿ ಎಟಿಎಂ ಪಿನ್ ಗುಟ್ಟಾಗಿಡಿ ಎನ್ನುವುದರ ಜೊತೆಗೆ, ಬಂದವರ ವರದಿಯನ್ನು ಅವರ ಮೊಬೈಲಿನಲ್ಲೇ ತೆರೆದು ಓದಲು ಕಲಿಸಲಿ. ತಿದ್ದುಪಡಿಯ ಅರ್ಜಿಯನ್ನು ಯಾವ ಶಾಖೆಯೂ ಹಿಂದಿರುಗಿಸದೆ, ದಿನಾಂಕ ಹಾಕಿದ ಸ್ವೀಕೃತಿ ಕೊಡುವಂತೆ ಎಲ್ಲ ಶಾಖೆಗಳಿಗೂ ಲಿಖಿತ ಸೂಚನೆ ಹೋಗಲಿ. ನಮ್ಮ ಮನೆಹೆಸರನ್ನು ಅರ್ಜಿಯ ಯಾವ ಖಾನೆಯಲ್ಲಿ ಬರೆಯಬೇಕೆಂಬುದನ್ನು ಜಿಲ್ಲೆಯ ಬ್ಯಾಂಕುಗಳೆಲ್ಲ ಕುಳಿತು ಒಂದೇ ರೀತಿ ನಿರ್ಧರಿಸಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು