ಸಾರ್ವಜನಿಕ ಆರೋಗ್ಯ ಓದಬಯಸುವವರಿಗೆ ಪಿಯು ಕಾಲೇಜುಗಳು ನೆರವಾಗಲಿ

ಮಾನ್ಯ ಸಂಪಾದಕರೇ,

ನೀಟ್ ಫಲಿತಾಂಶ ಬಂದ ಮರುದಿನದಿಂದ ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಎಂಬಿಬಿಎಸ್ ಸೀಟಿನದೇ ಲೆಕ್ಕ. ಸೀಟು ಸಿಗದವರಿಗೆ ನರ್ಸಿಂಗ್, ಫಾರ್ಮಸಿ, ಬಿಎಸ್ಸಿ ಕೃಷಿ ಎಂಬ ಸಲಹೆಯೂ ಸಿಗುತ್ತದೆ. ಸಾರ್ವಜನಿಕ ಆರೋಗ್ಯವನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಂಡು, ಅಮೆರಿಕದ ಅತಿ ಕಠಿಣ ಪ್ರವೇಶದ ಕಾಲೇಜುಗಳಿಗೆ ಅರ್ಜಿ ಹಾಕಬೇಕೆನ್ನುವ ಮೈಸೂರು, ಮಂಡ್ಯದ ಪಿಯು ವಿದ್ಯಾರ್ಥಿಗೆ ಮಾತ್ರ ಹೇಳುವವರಿಲ್ಲ. ಇಂಥ ಮಕ್ಕಳು ಎಡವುವುದು ಅಂಕದಲ್ಲಿ ಅಲ್ಲ, ಕಾಗದಪತ್ರದಲ್ಲಿ. ಅದನ್ನು ಸರಿಪಡಿಸುವುದು ಕಾಲೇಜುಗಳ ಕೈಯಲ್ಲೇ ಇದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಅಲ್ಲಿ ಸಾರ್ವಜನಿಕ ಆರೋಗ್ಯದ ನಾಲ್ಕು ವರ್ಷದ ಪದವಿ ಮುಗಿಸಿದವರು ವೈದ್ಯರಾಗುವುದಿಲ್ಲ. ಅಲ್ಲಿನ ವೈದ್ಯಕೀಯ ಕಾಲೇಜುಗಳು ವಿದೇಶಿಯರನ್ನು ಸೇರಿಸಿಕೊಳ್ಳುವುದೂ ತೀರಾ ಕಡಿಮೆ. ರೋಗಿಯನ್ನು ನೋಡಬೇಕೆನ್ನುವವರು ನೀಟ್ ಬರೆಯಲಿ. ಒಂದೇ ಬಡಾವಣೆಯಲ್ಲಿ ಡೆಂಗಿ ಯಾಕೆ ಮರುಕಳಿಸುತ್ತದೆ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಈ ಓದು.

ಕಾಲೇಜುಗಳೂ ಒಂದೇ ಬಗೆಯವಲ್ಲ. ಜಾನ್ಸ್ ಹಾಪ್ಕಿನ್ಸ್ ಮತ್ತು ಬ್ರೌನ್‌ನಲ್ಲಿ ಪದವಿ ಹಂತದಲ್ಲೇ ಇದು ಮುಖ್ಯ ವಿಷಯ. ಯೇಲ್‌ನಲ್ಲಿ ಬೇರೆ ವಿಷಯದ ಪದವಿ ಓದುತ್ತಲೇ ಒಟ್ಟು ಐದು ವರ್ಷದಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಕೂಡ ಮುಗಿಸುವ ಜಂಟಿ ಕೋರ್ಸ್ ಇದೆ. ಹಾರ್ವರ್ಡ್‌ನಲ್ಲಿ ಜಾಗತಿಕ ಆರೋಗ್ಯ ಮತ್ತು ಆರೋಗ್ಯ ನೀತಿಯನ್ನು ಎರಡನೇ ವಿಷಯವಾಗಿ ಮಾತ್ರ ಓದಬಹುದು. ಹಾರ್ವರ್ಡ್‌ಗೆ ಬರೆದ ಪ್ರಬಂಧದಲ್ಲಿ ‘ನಿಮ್ಮಲ್ಲಿಯ ಸಾರ್ವಜನಿಕ ಆರೋಗ್ಯ ಪದವಿ’ ಎಂದಿದ್ದರೆ, ಈ ಹುಡುಗ ವೆಬ್‌ಸೈಟನ್ನೂ ಓದಿಲ್ಲವೆಂದು ಅಲ್ಲೇ ಗೊತ್ತಾಗುತ್ತದೆ. ಇಂಥ ಕಾಲೇಜುಗಳಲ್ಲಿ ಹೆಚ್ಚಿನವು ವಿಷಯವಾರು ಸೀಟು ಹಂಚುವುದಿಲ್ಲ. ಮುಖ್ಯ ವಿಷಯವನ್ನು ಸೇರಿದ ಮೇಲೆ ಘೋಷಿಸಿದರೆ ಸಾಕು. ಹಾಗಾಗಿ ‘ಪೈಪೋಟಿ ಕಡಿಮೆ’ ಎಂದು ಈ ವಿಷಯ ಬರೆಯುವುದರಿಂದ ಏನೂ ಸಿಗದು.

ಇನ್ನು ಕಾಗದಪತ್ರ. ಹಲವು ಕಾಲೇಜುಗಳಿಗೆ ಒಟ್ಟಿಗೇ ಅರ್ಜಿ ಹಾಕುವ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ. ಮುಂಗಡ ಸುತ್ತಿನ ಕೊನೆ ದಿನ ಸಾಮಾನ್ಯವಾಗಿ ನವೆಂಬರ್ 1, ಸಾಮಾನ್ಯ ಸುತ್ತಿನದು ಜನವರಿಯ ಮೊದಲ ವಾರ. ನಮ್ಮ ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆ ಶುರುವಾಗುವ ಮೊದಲೇ ಎಲ್ಲ ಮುಗಿದಿರುತ್ತದೆ. ಅವರು ಕೇಳುವುದು ನಾಲ್ಕು ವರ್ಷದ ಅಂಕ: ಒಂಬತ್ತನೇ ತರಗತಿ, ಎಸ್ಸೆಸ್ಸೆಲ್ಸಿ, ಪ್ರಥಮ ಪಿಯು, ಜೊತೆಗೆ ದ್ವಿತೀಯ ಪಿಯುವಿನ ಮಧ್ಯವಾರ್ಷಿಕ. ಒಂಬತ್ತನೆಯದರ ಅಂಕಪಟ್ಟಿಯನ್ನು ಜೋಪಾನ ಮಾಡಿರುವ ಮನೆಗಳು ಕಡಿಮೆ. ನಮ್ಮಲ್ಲಿ ಹೈಸ್ಕೂಲು ಬೇರೆ, ಪಿಯು ಕಾಲೇಜು ಬೇರೆ ಆದ್ದರಿಂದ ಅದನ್ನು ಹಳೇ ಶಾಲೆಯ ಮುಖ್ಯ ಶಿಕ್ಷಕರಿಂದಲೇ ಸಹಿ, ಮೊಹರು ಹಾಕಿಸಿ ತರಬೇಕು. ದಸರಾ ರಜೆಯಲ್ಲಿ ಹೋದರೆ ಕಚೇರಿ ಬೀಗ ಹಾಕಿರುತ್ತದೆ, ಜೂನ್‌ನಲ್ಲೇ ತರಿಸಿಕೊಳ್ಳಿ. ಶೇಕಡಾವಾರು ಅಂಕವನ್ನು ನೀವಾಗಿ ಜಿಪಿಎಗೆ (ಅಮೆರಿಕದ ಸರಾಸರಿ ಗ್ರೇಡ್ ಅಂಕಕ್ಕೆ) ಬದಲಾಯಿಸಬೇಡಿ. ಅಂಕಪಟ್ಟಿಯಲ್ಲಿ ಇದ್ದದ್ದು ಇದ್ದ ಹಾಗೆ ಹೋಗಲಿ, ಲೆಕ್ಕ ಹಾಕುವುದು ಅವರಿಗೆ ಗೊತ್ತು.

ಹೆಸರಿನ ತೊಡಕು ನಮ್ಮ ಕಡೆಯ ಮಕ್ಕಳಿಗೆ ವಿಶೇಷವಾಗಿ ಕಾಡುತ್ತದೆ. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದ ಉದ್ದದ ಹೆಸರು. ಅಲ್ಲಿನ ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆ ಒಂದು ಹೆಸರಲ್ಲಿ, ಅರ್ಜಿ ಇನ್ನೊಂದರಲ್ಲಿ ಹೋದರೆ ದಾಖಲೆಗಳು ಒಂದೇ ಕಡತಕ್ಕೆ ಸೇರುವುದಿಲ್ಲ, ಅರ್ಜಿ ಅಪೂರ್ಣ ಎಂದು ಬಿದ್ದಿರುತ್ತದೆ. ಮೊದಲು ಪಾಸ್‌ಪೋರ್ಟ್ ಮಾಡಿಸಿ. ಅದರಲ್ಲಿರುವ ಹೆಸರನ್ನೇ ಎಲ್ಲೆಡೆ ಬಳಸಿ. ಅಂಕಪಟ್ಟಿಯಲ್ಲಿ ಬೇರೆಯಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಲಗತ್ತಿಸಿ.

ವಿದ್ಯಾರ್ಥಿಯ ಪರವಾಗಿ ದಾಖಲೆಗಳನ್ನು ಕಳಿಸುವ ಕೌನ್ಸೆಲರ್ ಎಂಬ ಹುದ್ದೆ ನಮ್ಮ ಪಿಯು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ಕೆಲಸ ಪ್ರಾಂಶುಪಾಲರದೋ ಅವರು ನೇಮಿಸಿದ ಉಪನ್ಯಾಸಕರದೋ ಆಗುತ್ತದೆ. ಕಾಲೇಜಿನ ಅಧಿಕೃತ ಇ-ಮೇಲ್‌ನಿಂದ ಅಂಕಪಟ್ಟಿ, ಶಿಫಾರಸು ಪತ್ರ ಮತ್ತು ಒಂದು ಪುಟದ ಕಾಲೇಜು ಪರಿಚಯ ಹೋಗಬೇಕು. ಪರಿಚಯದಲ್ಲಿ ಪಠ್ಯಕ್ರಮ, ಇರುವ ಕಾಂಬಿನೇಷನ್‌ಗಳು, ಒಟ್ಟು ವಿದ್ಯಾರ್ಥಿಗಳು, ಹಿಂದಿನ ಮೂರು ವರ್ಷ ಡಿಸ್ಟಿಂಕ್ಷನ್ ಪಡೆದವರ ಸಂಖ್ಯೆ ಇದ್ದರೆ 91 ಪರ್ಸೆಂಟ್ ಎಂದರೆ ಎಷ್ಟರ ಮಟ್ಟಿನದು ಎಂದು ದೂರದವರಿಗೂ ತಿಳಿಯುತ್ತದೆ. ವಿದ್ಯಾರ್ಥಿಯೇ ಶಿಫಾರಸು ಪತ್ರ ಬರೆದು ಉಪನ್ಯಾಸಕರ ಸಹಿ ಹಾಕಿಸುವ ರೂಢಿ ಬಿಡಬೇಕು. ಎರಡು ಪತ್ರಗಳ ಶೈಲಿ ಪ್ರಬಂಧದ ಶೈಲಿಯೇ ಆಗಿದ್ದರೆ ಓದುವವರಿಗೆ ಕೂಡಲೇ ತಿಳಿಯುತ್ತದೆ. ಇಂಗ್ಲಿಷ್ ಕಷ್ಟವೆನ್ನುವ ಉಪನ್ಯಾಸಕರು ಕನ್ನಡದಲ್ಲೇ ಬರೆಯಲಿ, ಅನುವಾದದೊಂದಿಗೆ ಎರಡನ್ನೂ ಕಳಿಸಿ.

ಹಣದ ವಿಷಯ ಮುಚ್ಚಿಡುವಂಥದ್ದಲ್ಲ. ವರ್ಷದ ಖರ್ಚು 85 ಸಾವಿರ ಡಾಲರ್ ದಾಟುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್ಹರ್ಸ್ಟ್, ಡಾರ್ಟ್‌ಮತ್, ಈಚೆಗೆ ಬ್ರೌನ್ ಕೂಡ ವಿದೇಶಿ ವಿದ್ಯಾರ್ಥಿಯ ಆರ್ಥಿಕ ಸ್ಥಿತಿ ನೋಡದೆ ಆಯ್ಕೆ ಮಾಡಿ, ಬೇಕಾದಷ್ಟು ನೆರವು ಕೊಡುತ್ತವೆ. ಉಳಿದ ಬಹುಪಾಲು ಕಡೆ ನೆರವು ಕೇಳಿದವರ ಆಯ್ಕೆ ಇನ್ನಷ್ಟು ಬಿಗಿ. ಮುಂಗಡ ಸುತ್ತಿನಲ್ಲಿ ‘ಅರ್ಲಿ ಡಿಸಿಷನ್’ ಎಂಬುದಕ್ಕೆ ಸಹಿ ಹಾಕಿದರೆ ಸಿಕ್ಕ ಕಾಲೇಜಿಗೇ ಸೇರುವ ಬದ್ಧತೆ ಬರುತ್ತದೆ. ತಂದೆತಾಯಿ ಓದಿಯೇ ಸಹಿ ಹಾಕಲಿ. ನೆರವಿಗಾಗಿ ಹೆಚ್ಚಿನ ಕಡೆ ಕುಟುಂಬದ ಆದಾಯ, ಆಸ್ತಿ ತಿಳಿಸುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ತುಂಬಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರೈತ ಕುಟುಂಬಗಳಲ್ಲಿ ರಿಟರ್ನ್ ಇರುವುದಿಲ್ಲ. ಅದರ ಬದಲು ಆದಾಯ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು, ಇವುಗಳ ಅನುವಾದ ಬೇಕಾಗುತ್ತದೆ. ಆದಾಯ ಪ್ರಮಾಣಪತ್ರದಲ್ಲಿ ರೂಢಿಯಂತೆ ಕಡಿಮೆ ಮೊತ್ತ ಬರೆಸಿ, ಪಾಸ್‌ಬುಕ್ಕಿನಲ್ಲಿ ಅದರ ನಾಲ್ಕರಷ್ಟು ಜಮೆ ಇದ್ದರೆ ನೆರವು ಅಲ್ಲಿಗೇ ನಿಲ್ಲುತ್ತದೆ. ನಿಜ ಮೊತ್ತ ಬರೆಸಿ, ಖರ್ಚು ಕಳೆದ ಲೆಕ್ಕವನ್ನು ಪ್ರತ್ಯೇಕ ಪತ್ರದಲ್ಲಿ ವಿವರಿಸಿ.

ಚಟುವಟಿಕೆಗಳಿಗೆ ಕಾಮನ್ ಆ್ಯಪ್‌ನಲ್ಲಿ 10 ಸಾಲು, ಒಂದೊಂದರ ವಿವರಣೆಗೆ 150 ಅಕ್ಷರ. ಮೂರು ದಿನದ ಶಿಬಿರದ ಪ್ರಮಾಣಪತ್ರಗಳು ಇಲ್ಲಿ ತೂಗುವುದಿಲ್ಲ. ಒಂದೇ ಕೆಲಸವನ್ನು ಬಿಡದೆ ಮಾಡಿದ್ದು ತೂಗುತ್ತದೆ. ನಮ್ಮ ವಾರ್ಡಿನಲ್ಲೇ ಆಗುವ ಒಂದು ಕೆಲಸ ಹೇಳುತ್ತೇನೆ: ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಲಾರ್ವಾ (ಮರಿಹುಳು) ಸಮೀಕ್ಷೆ. ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಲಿಖಿತ ಅನುಮತಿ ಪಡೆದು, ಆಶಾ ಕಾರ್ಯಕರ್ತೆಯ ಜೊತೆ 100 ಮನೆ ಗುರುತಿಸಿ. ಟಾರ್ಚು, ಸೌಟು, ಬಿಳಿ ತಟ್ಟೆ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಹಿಡಿಯುವುದರಿಂದ ವಾರಕ್ಕೊಮ್ಮೆ ಹೋಗಬೇಕು. ಸಿಮೆಂಟ್ ತೊಟ್ಟಿ, ಡ್ರಮ್ಮು, ಟೈರು, ತೆಂಗಿನ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲವನ್ನೂ ನೋಡಿ. 100 ಮನೆಗಳಲ್ಲಿ 12ರಲ್ಲಿ ಲಾರ್ವಾ ಕಂಡರೆ ಮನೆ ಸೂಚ್ಯಂಕ 12. ನೀರಿರುವ 180 ಪಾತ್ರೆಗಳಲ್ಲಿ 18ರಲ್ಲಿ ಕಂಡರೆ ಪಾತ್ರೆ ಸೂಚ್ಯಂಕ 10. ನೂರು ಮನೆಗೆ ಲಾರ್ವಾ ಇರುವ 18 ಪಾತ್ರೆ, ಅಂದರೆ ಬ್ರೆಟೋ ಸೂಚ್ಯಂಕ 18. ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ: ಬೀಗ ಹಾಕಿದ ಮನೆಗಳನ್ನು ಬಿಟ್ಟು ಪಕ್ಕದ ಮನೆ ಸೇರಿಸುವುದು. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ, ಡ್ರಮ್ಮಿನಲ್ಲಿ ನೀರು ಹಿಡಿದಿಡುವ ಮನೆಗಳೇ ಆಗ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಬೀಗ ಎಂದು ಬರೆದುಕೊಂಡು ಸಂಜೆ ಮತ್ತೆ ಹೋಗಬೇಕು. ನಿವಾಸಿಗಳ ಫೋಟೊ ತೆಗೆಯಬಾರದು, ಕಾಯಿಲೆಯ ವಿವರ ಕೇಳಬಾರದು. ವಿದ್ಯಾರ್ಥಿಗಳು ಬೆರಳು ಚುಚ್ಚಿ ಸಕ್ಕರೆ ಪರೀಕ್ಷೆ ಮಾಡುವುದಂತೂ ಸಲ್ಲದು. ಅರ್ಜಿಯಲ್ಲಿ ವಾರಕ್ಕೆ 20 ಗಂಟೆ ದುಡಿದೆ ಎಂದು ಬರೆದರೆ, ಪಿಯು ತರಗತಿಯ ಜೊತೆ ಅದು ಸಾಧ್ಯವಿಲ್ಲವೆಂದು ಯಾರಿಗಾದರೂ ಗೊತ್ತಾಗುತ್ತದೆ. ಎರಡೇ ಗಂಟೆಯಾದರೆ ಎರಡೇ ಬರೆಯಿರಿ.

650 ಪದದ ಪ್ರಬಂಧದಲ್ಲಿ ‘ಬಡವರ ಸೇವೆ’ ಎಂಬ ಮಾತಿಗಿಂತ ಒಂದು ಪ್ರಶ್ನೆ ಇರಲಿ. ಪ್ರಶ್ನೆಗಳಿಗೆ ಈ ನೆಲದಲ್ಲಿ ಬರವಿಲ್ಲ. 1898ರ ಪ್ಲೇಗಿನ ಬಳಿಕ ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು. ರಸ್ತೆ, ಚರಂಡಿಗಳೇ ಆಗ ಔಷಧವಾದವು. ಇರ್ವಿನ್ ನಾಲೆಯ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ಮಂಡ್ಯದ ಗದ್ದೆಗಳಿಗೆ ಹರಿದ ಮೇಲೆ ಮಲೇರಿಯಾವೂ ಜೊತೆಗೆ ಬಂತು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯಿದ್ದೂ, ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಎಫ್ ನಮೂನೆ ತುಂಬಬೇಕೆಂಬ ನಿಯಮವಿದ್ದೂ ಇದು ಹೇಗೆ ನಡೆಯಿತು ಎಂದು ಈ ಜಿಲ್ಲೆಯ ಹುಡುಗಿಯೊಬ್ಬಳು ಯೋಚಿಸಿ ಬರೆದರೆ ಅದು ಬೇರೆ ಯಾರೂ ಬರೆಯಲಾಗದ ಪ್ರಬಂಧ.

ಹಾರ್ವರ್ಡ್‌ನಂಥಲ್ಲಿ ನೂರು ಅರ್ಜಿಗೆ ಐದೂ ಆಯ್ಕೆಯಾಗುವುದಿಲ್ಲ. ಹಾಗಾಗಿ ಇಲ್ಲಿನ ದಾರಿಯೂ ತೆರೆದಿರಲಿ. ಪದವಿಯ ನಂತರ ತಿರುವನಂತಪುರದ ಅಚ್ಯುತ ಮೇನನ್ ಕೇಂದ್ರ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಮಣಿಪಾಲ, ನಮ್ಮದೇ ಊರಿನ ಜೆಎಸ್‌ಎಸ್ ವಿಶ್ವವಿದ್ಯಾಲಯಗಳಲ್ಲಿ ಎಂಪಿಎಚ್ ಇದೆ. ಯಾವ ದಾರಿಗಾದರೂ ಸಂಖ್ಯಾಶಾಸ್ತ್ರ ಬೇಕು. ಪಿಯುನಲ್ಲಿ ಗಣಿತ ಬಿಡುವ ಮುನ್ನ ಎರಡು ಬಾರಿ ಯೋಚಿಸಿ.

ಎರಡೂ ಜಿಲ್ಲೆಗಳ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿ ನನ್ನ ಕೋರಿಕೆ ಇಷ್ಟು: ಪ್ರತಿ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರನ್ನು ಈ ಕೆಲಸಕ್ಕೆ ನೇಮಿಸಿ, ಅಧಿಕೃತ ಇ-ಮೇಲ್ ಕೊಡಿಸಿ, ಕಾಲೇಜು ಪರಿಚಯದ ಮಾದರಿಯೊಂದನ್ನು ಕಳಿಸಿಕೊಡಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಬ್ಬರು ಪಿಯು ವಿದ್ಯಾರ್ಥಿಗಳಿಗೆ ಸಮೀಕ್ಷೆಯಲ್ಲಿ ಕೈಜೋಡಿಸಲು ಅವಕಾಶ ಕೊಡಲಿ. ಸುತ್ತೋಲೆ ಜೂನ್ ಒಳಗೆ ಹೊರಟರೆ ಈ ವರ್ಷದ ದ್ವಿತೀಯ ಪಿಯು ಮಕ್ಕಳಿಗೇ ಉಪಯೋಗಕ್ಕೆ ಬರುತ್ತದೆ.

– ಸಮುದಾಯ ಆರೋಗ್ಯ ವಿಷಯದ ನಿವೃತ್ತ ಬೋಧಕ, ಕುವೆಂಪುನಗರ, ಮೈಸೂರು