ಲಖನೌ ಯಾಕೆ ಬಿಟ್ಟೆ?

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿ ಎರಡು ಸಲ ಓದಿದೆ. ಕಾಗುಣಿತ, ಅಧ್ಯಾಯ, ಪ್ರಕಾಶಕರು, ಅದೆಲ್ಲ ಆಮೇಲೆ ನೋಡಿಕೊಂಡರಾಯಿತು. "ಇನ್ನು ಬರೆಯೋದೇ ಬೇಡ ಅನ್ನಿಸುತ್ತಿದೆ" ಅಂತ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದನ್ನು ಓದಿ ಸಂಕಟವಾಯಿತು. ನೀನು ಬರೆಯಲೇಬೇಕು. ಆದರೆ ನಿನ್ನ ಜೊತೆ ಒಂದು ಜಗಳ ಇದೆ.

1906ರಲ್ಲಿ ಆಗಾ ಖಾನ್ ಮುಂದಾಳತ್ವದ ಮುಸ್ಲಿಂ ಮುಖಂಡರ ನಿಯೋಗ ಸಿಮ್ಲಾದಲ್ಲಿ ವೈಸ್‌ರಾಯ್ ಮಿಂಟೋನನ್ನು ಕಂಡದ್ದು ತುಂಬಾ ಚೆನ್ನಾಗಿ ಬಂದಿದೆ. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ, ಅಂದರೆ ಮುಸ್ಲಿಮರು ಮಾತ್ರ ವೋಟು ಹಾಕಿ ಆರಿಸುವ ಸ್ಥಾನಗಳನ್ನು, ಕೊಟ್ಟ 1909ರ ಮಾರ್ಲೆ-ಮಿಂಟೋ ಸುಧಾರಣೆಯೂ ಬಂತು. ಅಲ್ಲಿಂದ ಒಂದೇ ನೆಗೆತಕ್ಕೆ 1947ರ ದೇಶ ವಿಭಜನೆಗೆ ಹಾರಿಬಿಟ್ಟೆ! ನಡುವಿನ 1916ರ ಲಖನೌ ಒಪ್ಪಂದ ಎಲ್ಲಿ ಹೋಯಿತು? ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಇರಲಿ ಅಂತ ಅಲ್ಲಿ ಕಾಂಗ್ರೆಸ್ಸೇ ಒಪ್ಪಿಕೊಂಡಿತು. ತಿಲಕರೂ ಒಪ್ಪಿದರು. ಮುಸ್ಲಿಂ ಲೀಗ್ ಜೊತೆ ಸೇರಿ ಸ್ವರಾಜ್ಯ ಕೇಳೋಣ ಅನ್ನುವ ಆಸೆಯಿಂದ ಒಪ್ಪಿದರು. ನೋವಿರುವುದು ಅಲ್ಲೇ, ನೀನು ಬಿಟ್ಟದ್ದೂ ಅದನ್ನೇ.

ಜಿನ್ನಾರನ್ನು ಮೊದಲ ಪುಟದಿಂದಲೇ ಖಳನಾಯಕ ಮಾಡಿದ್ದೀಯ. ಶುರುವಿನಲ್ಲಿ ಪ್ರತ್ಯೇಕ ಮತಕ್ಷೇತ್ರ ಬೇಡ ಅಂದವರು ಅವರು. 1910ರಲ್ಲಿ ವೈಸ್‌ರಾಯ್ ಶಾಸನಸಭೆಗೆ ಬಂದದ್ದು ಮಾತ್ರ ಮುಂಬಯಿಯ ಮುಸ್ಲಿಂ ಸ್ಥಾನದಿಂದಲೇ. ಎಂಥ ಪಾತ್ರ ಅಲ್ವಾ? ಕೈಗೆ ಸಿಕ್ಕಿದ್ದನ್ನು ಸುಮ್ನೆ ಕಳೆದುಕೊಂಡೆ.

ಬ್ರಿಟಿಷರನ್ನು ಬಿಟ್ಟುಬಿಡು ಅನ್ನುತ್ತಿಲ್ಲ. ಮತದಾರರ ಪಟ್ಟಿಯನ್ನು ಧರ್ಮದ ಮೇಲೆ ಬೇರೆ ಮಾಡುವ ಕಾನೂನು ಅವರದೇ, 1919ರಲ್ಲಿ ಅದನ್ನು ಸಿಖ್ಖರಿಗೂ ಹಬ್ಬಿಸಿದರು. ಆ ಕಾನೂನು ಬೀದಿಯಲ್ಲಿ ಏನು ಮಾಡಿತು, ಅದನ್ನು ಬರೆ. ಮುಸ್ಲಿಂ ಸ್ಥಾನಕ್ಕೆ ನಿಂತವನಿಗೆ ಮುಸ್ಲಿಮರ ವೋಟು ಸಾಕು. ಪಕ್ಕದ ಮನೆಯ ಹಿಂದೂ ಏನಂದುಕೊಂಡರೂ ಅವನ ಚುನಾವಣೆಗೆ ಲೆಕ್ಕಕ್ಕಿಲ್ಲ. ವೋಟು ಕೇಳುವ ನೆಪದಲ್ಲಾದರೂ ಆ ಮನೆಯ ಜಗಲಿಯಲ್ಲಿ ಕೂತು ಮಾತಾಡುವುದು ತಪ್ಪಿಹೋಯಿತು. ನಿನ್ನ ಕಥೆಯಲ್ಲಿ ಅಂಥ ಒಂದು ಜಗಲಿಯೂ ಇಲ್ಲ.

ನಿನ್ನ ವಯಸ್ಸಿನಲ್ಲಿ ನಾನೂ ಹೀಗೇ ಮಾಡಿದ್ದೆ. ಒಡೆದು ಆಳುವ ನೀತಿಯ ಮೇಲೆ ಒಂದು ಲೇಖನ ಬರೆದೆ. ಲಖನೌ ಬಗ್ಗೆ ಅದರಲ್ಲಿ ಎರಡು ಪುಟ ಇತ್ತು. ಸಂಪಾದಕರೊಬ್ಬರು ಇದು ಓದುಗರಿಗೆ ಕಹಿಯಾಗುತ್ತದೆ ಅಂದರು, ನಾನು ತೆಗೆದುಬಿಟ್ಟೆ. ಲೇಖನಕ್ಕೆ ಹೊಗಳಿಕೆ ಬಂತು, ಸಭೆಗಳಿಗೆ ಕರೆದರು, ಹೋದಲ್ಲೆಲ್ಲ ಆ ಎರಡು ಪುಟ ಇಲ್ಲದ ಮಾತನ್ನೇ ವರ್ಷಗಟ್ಟಲೆ ಹೇಳುತ್ತಾ ತಿರುಗಿದೆ. ಆ ಸಂಪಾದಕರ ಮೇಲೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೆ ಇನ್ನೂ ಜಾಸ್ತಿ ಇದೆ. ಆ ಪುಟಗಳು ಈಗ ನನ್ನ ಹತ್ತಿರವೂ ಇಲ್ಲ.

ನಿನ್ನ ಗೆಳೆಯರು ಈ ಕಾದಂಬರಿಯನ್ನು ಹೊಗಳಿದರು ಅಂತ ಬರೆದಿದ್ದೀಯ. ಅವರ ಮಾತು ಈಗ ಕಿವಿಗೆ ಹಾಕಿಕೊಳ್ಳಬೇಡ ಕಣೆ. ಏಳನೇ ಅಧ್ಯಾಯ ಪೂರ್ತಿ ತೆಗೆದು ಮತ್ತೆ ಬರೆ, ಲಖನೌ ಸೇರಿಸಿ. ಮಳೆಗಾಲ ಮುಗಿಯುವುದರೊಳಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ